ಗಾಯಸ್ ಜೂಲಿಯಸ್ ಸೀಸರ್ ಎಂದರೆ ಯಾವ ಸೀಸರ್?

ದಕ್ಷಿಣ ಭಾರತದ ಮಣ್ಣಿನಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅಗಲ ಸುಮಾರು 18 ಮಿಲಿಮೀಟರ್, ತೂಕ 4 ಗ್ರಾಮಿಗೆ ತುಸು ಕಡಿಮೆ. ಈ ನಾಣ್ಯಕ್ಕೆ ದಿನಾರಿಯಸ್ ಎಂದು ಹೆಸರು. ಒಂದು ಮುಖದಲ್ಲಿ ಎಲೆಗಳ ಮಾಲೆಯನ್ನು ತಲೆಗೆ ಸುತ್ತಿಕೊಂಡ ಗಂಡಸು. ತಿರುಗಿಸಿದರೆ ಟೋಗಾ ಹೊದ್ದ ಇಬ್ಬರು ಹುಡುಗರು ನಮ್ಮತ್ತ ಮುಖ ಮಾಡಿ ನಿಂತಿದ್ದಾರೆ. ಅವರ ನಡುವೆ ಗುರಾಣಿಗಳು, ಈಟಿಗಳು. ಅವುಗಳ ಮೇಲೆ ಪೂಜೆಯ ಸೌಟು ಮತ್ತು ಶಕುನ ನೋಡುವವರ ಡೊಂಕು ಕೋಲು. ಹುಡುಗರ ಕಾಲಡಿ 'ಸಿ ಎಲ್ ಕೈಸರೇಸ್' ಎಂಬ ಅಕ್ಷರಗಳು. ಬಿಡಿಸಿ ಓದಿದರೆ, ಗಾಯಸ್ ಮತ್ತು ಲೂಸಿಯಸ್ ಎಂಬ ಸೀಸರ್‌ಗಳು.

ಮುಂಭಾಗದ ಗಂಡಸು ರೋಮಿನ ಮೊದಲ ಚಕ್ರವರ್ತಿ ಆಗಸ್ಟಸ್. ಒಂದು ಕಾಲಕ್ಕೆ ಅವನ ಹೆಸರು ಗಾಯಸ್ ಜೂಲಿಯಸ್ ಸೀಸರ್. ಹಿಂಭಾಗದ ಹುಡುಗರಲ್ಲಿ ದೊಡ್ಡವನ ಹೆಸರೂ ಗಾಯಸ್ ಜೂಲಿಯಸ್ ಸೀಸರ್. ಆದರೆ ಕ್ರಿ.ಪೂ. 44ರ ಮಾರ್ಚ್ 15ರಂದು ಸೆನೆಟ್ ಸಭೆಯಲ್ಲಿ ಕತ್ತಿಯೇಟು ತಿಂದು ಸತ್ತ ಸರ್ವಾಧಿಕಾರಿ ಗಾಯಸ್ ಜೂಲಿಯಸ್ ಸೀಸರ್ ಇವರಿಬ್ಬರಲ್ಲಿ ಯಾರೂ ಅಲ್ಲ.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ಆಗಸ್ಟಸ್ ಮತ್ತು ಅವನ ಉತ್ತರಾಧಿಕಾರಿ ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ದೊರೆತಿವೆ. ಇಂಥ ನಾಣ್ಯದ ಮೇಲೆ ಸೀಸರ್ ಎಂಬ ಹೆಸರು ಕಂಡೊಡನೆ ಶಾಲೆಯಲ್ಲಿ ಓದಿದ ಬ್ರೂಟಸ್ ನೆನಪಾಗುವುದು ಸಹಜ. ತಪ್ಪು ಅಲ್ಲಿಂದಲೇ ಶುರುವಾಗುತ್ತದೆ. ರೋಮಿನಲ್ಲಿ ಹೆಸರು ಮನೆ, ಹೊಲ, ಸಾಲದ ಹಾಗೆ ಪಿತ್ರಾರ್ಜಿತ ಆಸ್ತಿ. ಅಪ್ಪನಿಂದ ಮಗನಿಗೆ ಬರುತ್ತದೆ, ಉಯಿಲಿನಲ್ಲಿ ಬರೆದುಕೊಡಬಹುದು, ದತ್ತಕದಲ್ಲಿ ದಾಟಿಸಬಹುದು, ಬಿಡುಗಡೆಯಾದ ಗುಲಾಮನಿಗೂ ಒಂದು ಪಾಲು ಸಿಗುತ್ತದೆ. ಇಷ್ಟು ತಿಳಿದಿದ್ದರೆ ಒಂದೇ ಹೆಸರಿನ ಹತ್ತು ಜನರನ್ನು ಬೇರೆ ಮಾಡುವುದು ಅಂಥ ಕಷ್ಟವೇನಲ್ಲ.

ಮೂರು ತುಂಡಿನ ಹೆಸರು

ರೋಮನ್ ಗಂಡಸಿನ ಹೆಸರಿನಲ್ಲಿ ಸಾಮಾನ್ಯವಾಗಿ ಮೂರು ಭಾಗ. ಮೊದಲನೆಯದು ಮನೆಯವರು ಕರೆಯುವ ಹೆಸರು, ಗಾಯಸ್. ನಡುವಿನದು ಕುಲದ ಹೆಸರು, ಜೂಲಿಯಸ್. ಕೊನೆಯದು ಆ ಕುಲದೊಳಗಿನ ಕವಲಿನ ಹೆಸರು, ಸೀಸರ್. ಮೂರರಲ್ಲಿ ಹೆತ್ತವರ ಕೈಯಲ್ಲಿರುವುದು ಮೊದಲನೆಯದು ಮಾತ್ರ, ಅದರಲ್ಲೂ ಹೆಚ್ಚು ಆಯ್ಕೆ ಇಲ್ಲ. ಗಣರಾಜ್ಯದ ಕೊನೆಗಾಲದಲ್ಲಿ ಇಡೀ ರೋಮಿನಲ್ಲಿ ಚಲಾವಣೆಯಲ್ಲಿದ್ದ ಮೊದಲ ಹೆಸರುಗಳು ಹದಿನೆಂಟರ ಆಸುಪಾಸು. ಸೀಸರ್ ಮನೆತನ ಅಷ್ಟನ್ನೂ ಮುಟ್ಟಲಿಲ್ಲ. ಸೆಕ್ಸ್ಟಸ್, ಲೂಸಿಯಸ್, ಗಾಯಸ್, ಈ ಮೂರನ್ನೇ ತಿರುಗಿಸಿ ತಿರುಗಿಸಿ ಇಟ್ಟಿತು. ಹಿರಿಯ ಮಗನಿಗೆ ಅಪ್ಪನ ಹೆಸರನ್ನೇ ಇಡುವುದು ವಾಡಿಕೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟರೆ ನಡುವೆ ಒಂದು ತಲೆಮಾರಿನ ಬಿಡುವಾದರೂ ಇರುತ್ತದೆ. ಅಲ್ಲಿ ಅದೂ ಇಲ್ಲ. ರಾಷ್ಟ್ರಕೂಟರ ಚರಿತ್ರೆ ಬರೆಯುವವರು ಮೂರನೆಯ ಗೋವಿಂದ, ಮೂರನೆಯ ಕೃಷ್ಣ ಎಂದು ಸಂಖ್ಯೆ ಹಾಕಿ ಪಾರಾಗುತ್ತಾರೆ. ಸೀಸರ್‌ಗಳಿಗೆ ಹಾಗೆ ಸಂಖ್ಯೆ ಹಾಕುವ ರೂಢಿ ಬೆಳೆಯಲಿಲ್ಲ.

ಶಾಸನ, ನಾಣ್ಯ ಓದುವವರನ್ನು ಮೊದಲು ಎಡವಿಸುವುದು ಸಂಕ್ಷೇಪಾಕ್ಷರಗಳು. ಗಾಯಸ್ ಎಂಬ ಹೆಸರನ್ನು 'ಜಿ' ಅಕ್ಷರದಿಂದ ಬರೆಯುವುದಿಲ್ಲ, 'ಸಿ' ಅಕ್ಷರದಿಂದ ಬರೆಯುತ್ತಾರೆ. ಹಳೆಯ ಲ್ಯಾಟಿನ್ ಲಿಪಿಯಲ್ಲಿ ಕ ಮತ್ತು ಗ ಎರಡು ಧ್ವನಿಗಳಿಗೂ ಇದ್ದದ್ದು 'ಸಿ' ಒಂದೇ. ಕ್ರಿ.ಪೂ. 3ನೆಯ ಶತಮಾನದಲ್ಲಿ ಆ ಅಕ್ಷರಕ್ಕೊಂದು ಅಡ್ಡಗೆರೆ ಸೇರಿಸಿ 'ಜಿ' ಮಾಡಿಕೊಂಡರು. ಅಷ್ಟರಲ್ಲಿ ಗಾಯಸ್‌ಗೆ 'ಸಿ' ಎಂಬ ಗುರುತು ಬೇರೂರಿಬಿಟ್ಟಿತ್ತು, ಯಾರೂ ಅದನ್ನು ತಿದ್ದಲು ಹೋಗಲಿಲ್ಲ. ಹಳೆಯ ಪುಸ್ತಕಗಳಲ್ಲಿ ಕಾಣುವ 'ಕೈಯಸ್' ಎಂಬುದು ಈ ಅಕ್ಷರವನ್ನು ಕಂಡಂತೆ ಓದಿದ ಫಲ. ಹೆಸರು ಬೇರೆಯಲ್ಲ. ಹಾಗೆಯೇ 'ಸಿಎನ್' ಎಂದಿದ್ದರೆ ನೇಯಸ್, 'ಟಿ' ಎಂದರೆ ಟೈಟಸ್, 'ಟಿಐ' ಎಂದರೆ ಟೈಬೀರಿಯಸ್. 'ಎಂ' ಎಂದರೆ ಮಾರ್ಕಸ್. ಅದೇ 'ಎಂ' ಪಕ್ಕದಲ್ಲಿ ಒಂದು ಕೊಕ್ಕೆ ಇದ್ದರೆ ಮಾನಿಯಸ್. ಸವೆದ ಕಲ್ಲಿನಲ್ಲಿ ಆ ಕೊಕ್ಕೆ ಅಳಿಸಿಹೋದರೆ ಒಬ್ಬ ಮನುಷ್ಯನೇ ಬದಲಾಗಿಬಿಡುತ್ತಾನೆ.

ಹೆಸರು ಸಾಲದು ಎಂಬುದು ರೋಮನ್ನರಿಗೂ ಗೊತ್ತಿತ್ತು. ಅಧಿಕೃತ ಬರಹದಲ್ಲಿ ಕುಲದ ಹೆಸರಿಗೂ ಕವಲಿನ ಹೆಸರಿಗೂ ನಡುವೆ ಅಪ್ಪನ ಮತ್ತು ಅಜ್ಜನ ಹೆಸರು ತುರುಕುತ್ತಿದ್ದರು. 'ಸಿ ಎಫ್' ಎಂದರೆ ಗಾಯಸ್‌ನ ಮಗ, 'ಸಿ ಎನ್' ಎಂದರೆ ಗಾಯಸ್‌ನ ಮೊಮ್ಮಗ. ಅದಾದ ಮೇಲೆ ಮತದಾನದ ಬಣದ ಹೆಸರಿನ ಮೂರಕ್ಷರ, ಸೀಸರ್‌ಗಳದಾದರೆ 'ಫ್ಯಾಬ್', ಅಂದರೆ ಫೇಬಿಯಾ ಬಣ. ನಮ್ಮ ಇನಿಷಿಯಲ್ಸ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಓದುವಾಗ ಒಂದು ಎಚ್ಚರ ಬೇಕು. 'ಸಿ ಎನ್' ಎಂದು ಎರಡಕ್ಷರ ಬಿಡಿಯಾಗಿದ್ದರೆ 'ಗಾಯಸ್‌ನ ಮೊಮ್ಮಗ', ಕೂಡಿಕೊಂಡಿದ್ದರೆ 'ನೇಯಸ್'. ಕೆತ್ತುವವರು ಅಕ್ಷರಗಳ ನಡುವೆ ಇಡುವ ಸಣ್ಣ ತ್ರಿಕೋನದ ಚುಕ್ಕಿಯೇ ಇಲ್ಲಿ ತೀರ್ಪುಗಾರ.

ಅಜ್ಜ, ಅಪ್ಪ, ಮಗ

ಹೆಸರಾಂತ ಸೀಸರ್ ಹುಟ್ಟಿದ್ದು ಕ್ರಿ.ಪೂ. 100ರ ಜುಲೈ ತಿಂಗಳಲ್ಲಿ. ಆಗ ಅದರ ಹೆಸರು ಜುಲೈ ಅಲ್ಲ, ಕ್ವಿಂಟಿಲಿಸ್. ಅವನ ಅಪ್ಪ ಗಾಯಸ್ ಜೂಲಿಯಸ್ ಸೀಸರ್, ಪ್ರೇಟರ್ ಎಂಬ ಹಿರಿಯ ನ್ಯಾಯಾಧಿಕಾರಿಯ ಹುದ್ದೆಯವರೆಗೆ ಏರಿ ಏಷ್ಯಾ ಪ್ರಾಂತದ (ಇಂದಿನ ಟರ್ಕಿಯ ಪಶ್ಚಿಮ ಭಾಗ) ಆಡಳಿತ ನೋಡಿದವನು. ಅಜ್ಜನೂ ಗಾಯಸ್ ಜೂಲಿಯಸ್ ಸೀಸರ್. ಅಜ್ಜನ ಹೆಂಡತಿ ಮಾರ್ಸಿಯಾ ಹಳೆಯ ರಾಜವಂಶದವರೆಂದು ಹೇಳಿಕೊಳ್ಳುತ್ತಿದ್ದ ಮನೆತನದ ಹೆಣ್ಣು. ಕ್ರಿ.ಪೂ. 69ರಲ್ಲಿ ಸೋದರತ್ತೆ ಜೂಲಿಯಾ ತೀರಿಕೊಂಡಾಗ ಮಾಡಿದ ಭಾಷಣದಲ್ಲಿ, ತಾಯಿಯ ಕಡೆಯಿಂದ ಆಕೆ ಅರಸರ ಪೀಳಿಗೆ, ತಂದೆಯ ಕಡೆಯಿಂದ ವೀನಸ್ ದೇವಿಯ ಪೀಳಿಗೆ ಎಂದು ಸೀಸರ್ ಹೊಗಳಿದ್ದು ಈ ಅಜ್ಜ ಅಜ್ಜಿಯರ ಬಲದ ಮೇಲೆ.

ಅಪ್ಪನ ಸಾವಿನ ಬಗ್ಗೆ ಕ್ರಿ.ಶ. 1ನೆಯ ಶತಮಾನದ ಲೇಖಕ ಹಿರಿಯ ಪ್ಲಿನಿ ಒಂದು ವಿಚಿತ್ರ ಸಂಗತಿ ದಾಖಲಿಸಿದ್ದಾನೆ. ಬೆಳಿಗ್ಗೆ ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಕುಸಿದು ಸತ್ತ ಸೀಸರ್‌ಗಳು ಇಬ್ಬರು, ಒಬ್ಬ ರೋಮಿನಲ್ಲಿ, ಇನ್ನೊಬ್ಬ ಪೀಸಾದಲ್ಲಿ. ಈ ಇಬ್ಬರನ್ನು ಬೇರ್ಪಡಿಸಲು ಪ್ಲಿನಿ ಹೆಸರು ಹೇಳಲು ಹೋಗುವುದೇ ಇಲ್ಲ, ಹೇಳಿದರೂ ಉಪಯೋಗವಿರಲಿಲ್ಲ. ಒಬ್ಬ ಆಗ ಪ್ರೇಟರ್ ಆಗಿದ್ದವನು, ಇನ್ನೊಬ್ಬ ಆ ಹುದ್ದೆ ಮುಗಿಸಿದವನು, ಸರ್ವಾಧಿಕಾರಿಯ ಅಪ್ಪ. ಹುದ್ದೆ ಮತ್ತು ನಂಟು, ಇವೆರಡೇ ಅವನ ಗುರುತುಚೀಟಿ. ಇಂದಿಗೂ ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ.

ಮಗ ಕ್ರಿ.ಪೂ. 59ರಲ್ಲಿ ಕಾನ್ಸಲ್ ಆದ, ವರ್ಷಕ್ಕೆ ಇಬ್ಬರನ್ನು ಆರಿಸುತ್ತಿದ್ದ ಅತ್ಯುನ್ನತ ಹುದ್ದೆ ಅದು. ಅವನ ಪೂರ್ಣ ಅಧಿಕೃತ ಹೆಸರು ಹೀಗೆ: ಗಾಯಸ್ ಜೂಲಿಯಸ್, ಗಾಯಸ್‌ನ ಮಗ, ಗಾಯಸ್‌ನ ಮೊಮ್ಮಗ, ಸೀಸರ್. ಈ ಸಾಲನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಅಪ್ಪನ ಕಾಲದಲ್ಲೇ ಪಕ್ಕದ ಕವಲಿನಲ್ಲಿ ಇನ್ನೊಬ್ಬ ಗಾಯಸ್ ಜೂಲಿಯಸ್ ಸೀಸರ್ ಇದ್ದ. ಒಳ್ಳೆ ವಾಗ್ಮಿ, ದುರಂತ ನಾಟಕಗಳನ್ನು ಬರೆದವನು, ನಗಿಸುವುದರಲ್ಲಿ ಎತ್ತಿದ ಕೈ. ಹೆಸರಾಂತ ವಾಗ್ಮಿ ಸಿಸೆರೊ ಭಾಷಣಕಲೆಯ ಬಗ್ಗೆ ಬರೆದ ಸಂವಾದದಲ್ಲಿ ಹಾಸ್ಯವನ್ನು ವಿವರಿಸುವ ಪಾತ್ರವೇ ಇವನು. ಇವನ ಹೆಸರಿಗೆ ಸ್ಟ್ರೇಬೊ ಎಂಬ ಬಾಲ ಇದೆ, ಅಂದರೆ ಮೆಳ್ಳಗಣ್ಣ. ವೋಪಿಸ್ಕಸ್ ಎಂಬುದು ಇನ್ನೊಂದು ಬಾಲ, ಅವಳಿಯಲ್ಲಿ ಒಂದು ಸತ್ತು ಬದುಕಿ ಉಳಿದ ಮಗುವಿಗೆ ಹೇಳುವ ಮಾತು. ಇಂಥ ಅಡ್ಡಹೆಸರುಗಳು ಗುರುತಿಗೆ ಬಹಳ ಅನುಕೂಲ. ಪ್ರೇಟರ್ ಹುದ್ದೆಯ ಮೆಟ್ಟಿಲನ್ನು ಹಾರಿ ನೇರ ಕಾನ್ಸಲ್ ಆಗಲು ಹೊರಟು ಗಲಭೆಗೆ ಕಾರಣನಾದವನು ಇವನೇ. ಕ್ರಿ.ಪೂ. 87ರಲ್ಲಿ ಸೇನಾಪತಿ ಮಾರಿಯಸ್‌ನ ಕಡೆಯವರು ಇವನನ್ನೂ ಇವನ ಅಣ್ಣ ಲೂಸಿಯಸ್‌ನನ್ನೂ ಕೊಂದರು. ಪುಸ್ತಕದ ಸೂಚಿಯಲ್ಲಿ 'ಸೀಸರ್, ನಾಟಕಕಾರ' ಎಂದು ಕಂಡರೆ ಇವನೆಂದು ತಿಳಿಯಿರಿ. ಸರ್ವಾಧಿಕಾರಿಯೂ ಎಳೆಯ ವಯಸ್ಸಿನಲ್ಲಿ ಒಂದು ನಾಟಕ ಬರೆದಿದ್ದನೆಂಬ ಮಾತು ಇರುವುದರಿಂದ ಗೊಂದಲಕ್ಕೆ ದಾರಿ ಇದೆ.

ಲೂಸಿಯಸ್ ಎಂದೆನಲ್ಲ, ಅಲ್ಲೂ ಇದೇ ಕಥೆ. ಕ್ರಿ.ಪೂ. 90ರ ಕಾನ್ಸಲ್ ಲೂಸಿಯಸ್ ಜೂಲಿಯಸ್ ಸೀಸರ್ ಅಪ್ಪ, ಕ್ರಿ.ಪೂ. 64ರ ಕಾನ್ಸಲ್ ಲೂಸಿಯಸ್ ಜೂಲಿಯಸ್ ಸೀಸರ್ ಅವನ ಮಗ. ವರ್ಷ ಬಿಟ್ಟು ಬರೆದರೆ ಇಬ್ಬರೂ ಒಬ್ಬರೇ.

ಸೀಸರ್ ಎಂಬ ಪದದ ಮೂಲದ ಬಗ್ಗೆ ಎರಡು ಮಾತು. ತಾಯಿಯ ಹೊಟ್ಟೆ ಕೊಯ್ದು ತೆಗೆದ ಮಗು ಎಂಬ ವಿವರಣೆಯನ್ನು ಪ್ಲಿನಿ ಕೊಡುತ್ತಾನೆ. ಅದು ಆ ಹೆಸರು ಹೊತ್ತ ಮೊದಲಿಗನ ಬಗ್ಗೆ. ನಮಗೆ ತಿಳಿದ ಮೊದಲ ಸೀಸರ್ ಕ್ರಿ.ಪೂ. 208ರಲ್ಲಿ ಪ್ರೇಟರ್ ಆಗಿದ್ದ ಸೆಕ್ಸ್ಟಸ್. ಸರ್ವಾಧಿಕಾರಿ ಸಿಸೇರಿಯನ್‌ನಲ್ಲಿ ಹುಟ್ಟಿದನೆಂಬ ಜನಪ್ರಿಯ ಕಥೆ ನಿಲ್ಲುವುದಿಲ್ಲ. ಆಗ ಅಂಥ ಕೊಯ್ತ ಮಾಡುತ್ತಿದ್ದದ್ದು ಸತ್ತ ತಾಯಿಯ ಮೇಲೆ, ಅವನ ತಾಯಿ ಔರೇಲಿಯಾ ಕ್ರಿ.ಪೂ. 54ರವರೆಗೆ ಬದುಕಿದ್ದಳು.

ಉಯಿಲಿನಲ್ಲಿ ಬಂದ ಹೆಸರು

ಕೊಲೆಯ ನಂತರ ಸೀಸರ್‌ನ ಉಯಿಲು ಒಡೆದು ಓದಿದಾಗ ಆಸ್ತಿಯ ಮುಕ್ಕಾಲು ಪಾಲು ಅಕ್ಕತಂಗಿಯರ ಕಡೆಯ ಒಬ್ಬ ಮೊಮ್ಮಗನಿಗೆ ಬರೆದಿತ್ತು. ಆಗ ಅವನಿಗೆ 18 ವರ್ಷ, ಹೆಸರು ಗಾಯಸ್ ಆಕ್ಟೇವಿಯಸ್. ಉಯಿಲಿನ ಕೊನೆಯಲ್ಲಿ ಅವನನ್ನು ಮಗನಾಗಿ ಸ್ವೀಕರಿಸಿ ತನ್ನ ಹೆಸರನ್ನೂ ಕೊಟ್ಟಿದ್ದ. ಉಳಿದ ಕಾಲು ಭಾಗ ಇನ್ನಿಬ್ಬರು ಬಂಧುಗಳಿಗೆ. ಹಣ ಖರ್ಚಾಗಿಹೋಯಿತು, ಹೆಸರು ಉಳಿಯಿತು.

ದತ್ತು ಹೋದವನು ಹೊಸ ಅಪ್ಪನ ಮೂರೂ ಹೆಸರು ತೆಗೆದುಕೊಂಡು, ಹುಟ್ಟಿದ ಕುಲದ ಹೆಸರಿಗೆ 'ಆನಸ್' ಸೇರಿಸಿ ಕೊನೆಗೆ ಇಟ್ಟುಕೊಳ್ಳುವುದು ರೋಮನ್ ಪದ್ಧತಿ. ಅದರ ಪ್ರಕಾರ ಇವನು ಗಾಯಸ್ ಜೂಲಿಯಸ್ ಸೀಸರ್ ಆಕ್ಟೇವಿಯಾನಸ್ ಆಗಬೇಕಿತ್ತು. ಆ ಕೊನೆಯ ತುಂಡನ್ನು ಅವನು ಬಳಸಲೇ ಇಲ್ಲ. ಬಳಸಿದ್ದರೆ ತಾನು ಹೊರಗಿನಿಂದ ಬಂದವನು ಎಂದು ಪ್ರತಿ ಪತ್ರದಲ್ಲೂ ಸಾರಿದಂತೆ ಆಗುತ್ತಿತ್ತು. ನಾವು ಇಂದು ಬಳಸುವ ಆಕ್ಟೇವಿಯನ್ ಎಂಬ ಹೆಸರು ಅವನು ಬೇಡವೆಂದು ಎಸೆದದ್ದು. ಇತಿಹಾಸಕಾರರಿಗೆ ಅನುಕೂಲವೆಂದು ನಾವು ಎತ್ತಿಕೊಂಡಿದ್ದೇವೆ.

ಹೆಸರು ಆಗ ಎಷ್ಟು ಬಿಸಿಯ ವಿಷಯವಾಗಿತ್ತು ಎಂಬುದಕ್ಕೆ ಸಿಸೆರೊ ಕ್ರಿ.ಪೂ. 44ರ ಏಪ್ರಿಲ್‌ನಲ್ಲಿ ಗೆಳೆಯ ಅಟಿಕಸ್‌ಗೆ ಬರೆದ ಕಾಗದ ಸಾಕ್ಷಿ. ಹುಡುಗ ಇಟಲಿಗೆ ಬಂದಿಳಿದಿದ್ದಾನೆ, ಅವನ ಕಡೆಯವರು ಸೀಸರ್ ಎಂದು ಕರೆಯುತ್ತಾರೆ, ಮಲತಂದೆ ಫಿಲಿಪ್ಪಸ್ ಕರೆಯುವುದಿಲ್ಲ, ಹಾಗಾಗಿ ತಾನೂ ಕರೆಯುವುದಿಲ್ಲ ಎಂಬುದು ಅದರ ಸಾರ. ಕೆಲವೇ ತಿಂಗಳಲ್ಲಿ ಸಿಸೆರೊನ ನಿಲುವು ಸಡಿಲವಾಯಿತು. ಮರುವರ್ಷ, ಸತ್ತ ಸೀಸರ್‌ನ ಸಂಗಡಿಗನಾಗಿದ್ದ ಆಂಟನಿ ಮಾಡಿದ ಮೂದಲಿಕೆಯನ್ನು ಸಿಸೆರೊ ತನ್ನ ಭಾಷಣವೊಂದರಲ್ಲಿ ಉದ್ಧರಿಸುತ್ತಾನೆ. ಏ ಹುಡುಗ, ನಿನ್ನದೆಲ್ಲ ಆ ಹೆಸರಿನ ಋಣ ಎಂಬ ಅರ್ಥದ ಮಾತು ಅದು. ಮೂದಲಿಕೆಯಾದರೂ ಮಾತು ನಿಜವೇ. ಸತ್ತ ಸೇನಾಪತಿಯ ಹಳೆಯ ಸೈನಿಕರು ಹಿಂದೆ ಬಂದದ್ದು ಆ ಹೆಸರನ್ನು ನಂಬಿ.

ಕ್ರಿ.ಪೂ. 43ರ ಆಗಸ್ಟ್ 19ರಂದು ಇವನು ಕಾನ್ಸಲ್ ಆದ. ದತ್ತು ಅಪ್ಪ ಗಾಯಸ್, ಅಜ್ಜ ಗಾಯಸ್. ಪದ್ಧತಿಯಂತೆ ಬರೆದರೆ ಹೆಸರು ಹೀಗಾಗುತ್ತದೆ: ಗಾಯಸ್ ಜೂಲಿಯಸ್, ಗಾಯಸ್‌ನ ಮಗ, ಗಾಯಸ್‌ನ ಮೊಮ್ಮಗ, ಸೀಸರ್. ಕ್ರಿ.ಪೂ. 59ರ ಕಾನ್ಸಲ್‌ನ ಸಾಲಿಗೂ ಇದಕ್ಕೂ ಒಂದಕ್ಷರದ ವ್ಯತ್ಯಾಸ ಇಲ್ಲ. ಅಪ್ಪ, ಅಜ್ಜರ ಹೆಸರು ಸೇರಿಸುವ ಉಪಾಯ ಇಲ್ಲಿ ಕೈಕೊಡುತ್ತದೆ. ವರ್ಷ ನೋಡಬೇಕು, ಪಕ್ಕದಲ್ಲಿರುವ ಇನ್ನೊಬ್ಬ ಕಾನ್ಸಲ್ ಯಾರು ಎಂದು ನೋಡಬೇಕು.

ಈ ತಾಪತ್ರಯಕ್ಕೆ ಪರಿಹಾರ ಬಂದದ್ದು ರಾಜಕೀಯದಿಂದ. ಕ್ರಿ.ಪೂ. 42ರಲ್ಲಿ ಸತ್ತ ಸೀಸರ್‌ನನ್ನು ದೇವರೆಂದು ಸೆನೆಟ್ ಘೋಷಿಸಿತು. ಅಲ್ಲಿಂದ ಮಗನ ಹೆಸರಿನಲ್ಲಿ 'ಗಾಯಸ್‌ನ ಮಗ' ಹೋಗಿ 'ದೇವರ ಮಗ' ಬಂತು, ನಾಣ್ಯದ ಮೇಲೆ 'ದಿವಿ ಎಫ್'. ಕ್ರಿ.ಪೂ. 38ರ ಸುಮಾರಿಗೆ ಗಾಯಸ್ ಮತ್ತು ಜೂಲಿಯಸ್ ಎರಡನ್ನೂ ಕೈಬಿಟ್ಟು, ಗೆದ್ದ ಸೇನಾಪತಿಯ ಬಿರುದಾದ ಇಂಪರೇಟರ್ ಎಂಬುದನ್ನೇ ಮೊದಲ ಹೆಸರು ಮಾಡಿಕೊಂಡ. ಕ್ರಿ.ಪೂ. 27ರ ಜನವರಿ 16ರಂದು ಆಗಸ್ಟಸ್ ಸೇರಿತು. ಓದುವವರಿಗೆ ಸುಲಭದ ಸೂತ್ರ: 44ರವರೆಗೆ ಆಕ್ಟೇವಿಯಸ್, 44ರಿಂದ 27ರವರೆಗೆ ಆಕ್ಟೇವಿಯನ್, ಆಮೇಲೆ ಆಗಸ್ಟಸ್. ಮೂಲ ಬರಹಗಳಲ್ಲಿ ನಡುವಿನ ಕಾಲದ ಅವನ ಹೆಸರು ಬರೀ 'ಸೀಸರ್' ಎಂದೇ ಇರುತ್ತದೆ.

ಇನ್ನೊಬ್ಬ ಸೀಸರ್ ಈಜಿಪ್ಟಿನಲ್ಲಿದ್ದ. ಕ್ಲಿಯೋಪಾತ್ರಳ ಮಗ ಹದಿನೈದನೆಯ ಟಾಲೆಮಿ, ಜನ ಕರೆಯುತ್ತಿದ್ದದ್ದು ಸೀಸರಿಯನ್, ಅಂದರೆ ಪುಟ್ಟ ಸೀಸರ್. ಸರ್ವಾಧಿಕಾರಿಯ ರಕ್ತದ ಮಗ ಎಂಬುದು ತಾಯಿಯ ಮಾತು. ಕ್ರಿ.ಪೂ. 30ರಲ್ಲಿ ಅಲೆಗ್ಸಾಂಡ್ರಿಯ ಬಿದ್ದಾಗ ಏನು ಮಾಡಬೇಕೆಂಬ ಪ್ರಶ್ನೆ ಬಂತು. ತತ್ತ್ವಜ್ಞಾನಿ ಆರಿಯಸ್ ಹೋಮರನ ಸಾಲೊಂದನ್ನು ತಿರುಚಿ, ಸೀಸರ್‌ಗಳು ಹೆಚ್ಚಾಗುವುದು ಒಳ್ಳೆಯದಲ್ಲ ಎಂದನಂತೆ. ಪ್ಲುಟಾರ್ಕ್ ಇದನ್ನು ದಾಖಲಿಸಿದ್ದಾನೆ. ಹದಿಹರೆಯದ ಆ ಹುಡುಗನನ್ನು ಕೊಲ್ಲಿಸಿದರು. ಒಂದೇ ಹೆಸರಿನ ಇಬ್ಬರು ನಮಗೆ ಓದಿನ ತೊಡಕು, ಅವರಿಗೆ ಪ್ರಾಣದ ಪ್ರಶ್ನೆ.

ನಾಣ್ಯದ ಹುಡುಗ

ಆಗಸ್ಟಸ್‌ಗೆ ಗಂಡುಮಕ್ಕಳಿರಲಿಲ್ಲ. ಮಗಳು ಜೂಲಿಯಾ ಮತ್ತು ಅಳಿಯ ಅಗ್ರಿಪ್ಪನ ಹಿರಿಯ ಮಗ ಕ್ರಿ.ಪೂ. 20ರಲ್ಲಿ ಹುಟ್ಟಿದ. ಕ್ರಿ.ಪೂ. 17ರಲ್ಲಿ ತಮ್ಮ ಹುಟ್ಟಿದ ಕೂಡಲೇ ಇಬ್ಬರನ್ನೂ ತಾತ ದತ್ತು ತೆಗೆದುಕೊಂಡ. ಕ್ರಮ ನಡೆದದ್ದು ಮನೆಯೊಳಗೆ. ತಕ್ಕಡಿ ಮತ್ತು ತಾಮ್ರದ ಬಿಲ್ಲೆ ಇಟ್ಟು, ಅಪ್ಪನಿಂದ ಮಕ್ಕಳನ್ನು ಸಾಂಕೇತಿಕವಾಗಿ 'ಕೊಂಡುಕೊಳ್ಳುವ' ಹಳೆಯ ವಿಧಿ ಅದು. ಆ ದಿನದಿಂದ ದೊಡ್ಡವನು ಗಾಯಸ್ ಜೂಲಿಯಸ್ ಸೀಸರ್, ಚಿಕ್ಕವನು ಲೂಸಿಯಸ್ ಜೂಲಿಯಸ್ ಸೀಸರ್. ಮನೆತನದ ಹಳೆಯ ಎರಡು ಹೆಸರುಗಳು ಮತ್ತೆ ಕೆಲಸಕ್ಕೆ ಬಂದವು.

ಈಗ ನಾಣ್ಯವನ್ನು ಮತ್ತೆ ಕೈಗೆತ್ತಿಕೊಳ್ಳಿ. ಮುಂಭಾಗದ ಸುತ್ತುಬರಹದಲ್ಲಿ ಸೀಸರ್ ಆಗಸ್ಟಸ್, ದೇವರ ಮಗ, ರಾಷ್ಟ್ರಪಿತ ಎಂದಿದೆ. ರಾಷ್ಟ್ರಪಿತ ಎಂಬ ಬಿರುದು ಸಿಕ್ಕಿದ್ದು ಕ್ರಿ.ಪೂ. 2ರ ಫೆಬ್ರವರಿ 5ರಂದು, ಹಾಗಾಗಿ ಈ ನಾಣ್ಯ ಅದಕ್ಕಿಂತ ಹಳೆಯದಾಗುವಂತಿಲ್ಲ. ಹಿಂಭಾಗದಲ್ಲಿ ಆಗಸ್ಟಸ್‌ನ ಮಕ್ಕಳು, ನಿಯೋಜಿತ ಕಾನ್ಸಲ್‌ಗಳು, ತರುಣರ ನಾಯಕರು ಎಂದಿದೆ. ಗಾಯಸ್ ಕ್ರಿ.ಶ. 1ರಲ್ಲಿ ಕಾನ್ಸಲ್ ಆಗಿಯೇಬಿಟ್ಟ. ಆದರೂ 'ನಿಯೋಜಿತ' ಎಂಬ ಪದ ಹಾಗೇ ಉಳಿದಿದೆ, ಅಚ್ಚಿನ ಮಾತನ್ನು ಬದಲಿಸಲಿಲ್ಲ. ಬಿರುದುಗಳು ಟಂಕಿಸಲು ಶುರು ಮಾಡಿದ ಕಾಲಕ್ಕೆ ಗಟ್ಟಿ ಸಾಕ್ಷಿ. ಎಂದು ನಿಲ್ಲಿಸಿದರು ಎಂಬುದಕ್ಕೆ ಅವನ್ನು ನೆಚ್ಚಿಕೊಂಡರೆ ಲೆಕ್ಕ ತಪ್ಪುತ್ತದೆ. ಇಬ್ಬರಲ್ಲಿ ಗಾಯಸ್ ಯಾರು ಎಂಬ ಪ್ರಶ್ನೆಗೆ ಉತ್ತರ ಮೇಲಿನ ಚಿಹ್ನೆಗಳಲ್ಲಿದೆ. ಗಾಯಸ್ ಪಾಂಟಿಫ್ ಎಂಬ ಪುರೋಹಿತ, ಸೌಟು ಅವನದು. ಲೂಸಿಯಸ್ ಶಕುನ ನೋಡುವ ಆಗರ್, ಡೊಂಕು ಕೋಲು ಅವನದು. ಚಿಹ್ನೆಗಳು ಎಡಬಲ ಅದಲುಬದಲಾದ ಅಚ್ಚುಗಳೂ ಇರುವುದರಿಂದ 'ಎಡಗಡೆಯವನು ಗಾಯಸ್' ಎಂಬ ನಿಯಮ ಮಾಡಿಕೊಳ್ಳಬೇಡಿ.

ಟಂಕಸಾಲೆ ಇದ್ದದ್ದು ಇಂದಿನ ಫ್ರಾನ್ಸಿನ ಲಿಯೋನ್‌ನಲ್ಲಿ, ಆಗಿನ ಲುಗ್ಡುನಮ್. ಈ ಮಾದರಿಯನ್ನು ನೋಡಿ ಭಾರತದಲ್ಲೇ ಮಾಡಿದ ನಕಲುಗಳೂ ಸಿಕ್ಕಿವೆ. ಲ್ಯಾಟಿನ್ ಬಾರದ ಕಮ್ಮಾರನ ಕೈಯಲ್ಲಿ ಅಕ್ಷರಗಳು ಬರೀ ಗೆರೆ, ಬೊಟ್ಟುಗಳಾಗಿರುತ್ತವೆ. ಅಂಥದರಲ್ಲಿ ಹೆಸರು ಓದಲು ಹೆಣಗಬಾರದು, ಗುರಾಣಿ ಈಟಿಗಳನ್ನು ನೋಡಿ ಮಾದರಿ ಗುರುತಿಸಿದರೆ ಸಾಕು.

ತಾತನ ಆಸೆ ಕೈಗೂಡಲಿಲ್ಲ. ಲೂಸಿಯಸ್ ಕ್ರಿ.ಶ. 2ರಲ್ಲಿ ಮಸ್ಸಿಲಿಯಾದಲ್ಲಿ ಸತ್ತ. ಗಾಯಸ್ ಅರ್ಮೇನಿಯದ ಆರ್ತಗಿರ ಕೋಟೆಯೆದುರು ಗಾಯಗೊಂಡು ಕ್ರಿ.ಶ. 4ರ ಫೆಬ್ರವರಿ 21ರಂದು ಲಿಸಿಯಾ ಸೀಮೆಯ ಲಿಮಿರಾದಲ್ಲಿ ಕೊನೆಯುಸಿರೆಳೆದ.

ಫ್ರಾನ್ಸಿನ ನೀಮ್ ಊರಿನಲ್ಲಿ ಮೆಜೋ಼ ಕಾರೇ ಎಂಬ ರೋಮನ್ ಗುಡಿ ಇಂದಿಗೂ ಇಡಿಯಾಗಿ ನಿಂತಿದೆ. ಅದರ ಹಣೆಯ ಮೇಲೆ ಕಂಚಿನ ಅಕ್ಷರಗಳಿದ್ದವು. ಅವನ್ನು ಯಾರೋ ಕಿತ್ತುಕೊಂಡು ಹೋಗಿ, ಅಕ್ಷರ ಕೂರಿಸಿದ್ದ ಮೊಳೆಗಳ ತೂತುಗಳಷ್ಟೇ ಉಳಿದಿದ್ದವು. 1758ರಲ್ಲಿ ಸೆಗಿಯೆ ಎಂಬ ವಿದ್ವಾಂಸ ಆ ತೂತುಗಳ ಜಾಗವನ್ನು ನಕಲು ಮಾಡಿಕೊಂಡು, ಯಾವ ಅಕ್ಷರಕ್ಕೆ ಎಲ್ಲೆಲ್ಲಿ ಮೊಳೆ ಬೇಕು ಎಂದು ಲೆಕ್ಕ ಹಾಕಿ ಬರಹವನ್ನು ಓದಿದ. ಬಂದ ಸಾಲು: ಆಗಸ್ಟಸ್‌ನ ಮಗ, ಕಾನ್ಸಲ್ ಗಾಯಸ್ ಸೀಸರ್‌ಗೆ; ಆಗಸ್ಟಸ್‌ನ ಮಗ, ನಿಯೋಜಿತ ಕಾನ್ಸಲ್ ಲೂಸಿಯಸ್ ಸೀಸರ್‌ಗೆ; ತರುಣರ ನಾಯಕರಿಗೆ. ಇಲ್ಲಿ ಗಾಯಸ್ ಬರೀ ಕಾನ್ಸಲ್, ಲೂಸಿಯಸ್ ಇನ್ನೂ ನಿಯೋಜಿತ. ನಾಣ್ಯದ ಒರಟು ಮಾತಿಗಿಂತ ಕಲ್ಲು ಒಂದು ಹೆಜ್ಜೆ ನಿಖರ. 'ಆಗಸ್ಟಸ್‌ನ ಮಗ' ಎಂಬ ಎರಡು ಪದಗಳಿಂದಲೇ ಈ ಗಾಯಸ್ ಸರ್ವಾಧಿಕಾರಿಯೂ ಅಲ್ಲ, ಮುಂದೆ ಬರುವ ಚಕ್ರವರ್ತಿ ಕಲಿಗುಲನೂ ಅಲ್ಲ ಎಂದು ತೀರ್ಮಾನವಾಗುತ್ತದೆ.

ಕಲಿಗುಲ, ಮತ್ತು ಸ್ವಿಟೋನಿಯಸ್‌ನ ಪತ್ತೇದಾರಿ

ಕಲಿಗುಲ ಎಂದು ನಾವು ಕರೆಯುವ ಚಕ್ರವರ್ತಿಯ ನಿಜ ಹೆಸರೂ ಗಾಯಸ್ ಜೂಲಿಯಸ್ ಸೀಸರ್. ಕ್ರಿ.ಶ. 12ರ ಆಗಸ್ಟ್ 31ರಂದು ಜನನ, ಕ್ರಿ.ಶ. 41ರ ಜನವರಿ 24ರಂದು ಕೊಲೆ. ಅಪ್ಪ ಜರ್ಮಾನಿಕಸ್‌ನ ಸೇನಾಶಿಬಿರದಲ್ಲಿ ಪುಟ್ಟ ಸೈನಿಕನ ವೇಷ ಹಾಕಿ ಓಡಾಡಿಸುತ್ತಿದ್ದರು. ಸೈನಿಕರ ಪಾದರಕ್ಷೆಗೆ ಕಲಿಗ ಎಂದು ಹೆಸರು, ಅದರಿಂದ ಕಲಿಗುಲ, ಪುಟ್ಟ ಬೂಟು. ಮುದ್ದಿನ ಹೆಸರು ದೊಡ್ಡವನಾದ ಮೇಲೆ ಅವನಿಗೆ ಮೈಯುರಿಯಾಯಿತು. ಹಾಗೆ ಕರೆದ ಹಿರಿಯ ಸೈನ್ಯಾಧಿಕಾರಿಯೊಬ್ಬನನ್ನು ದಂಡಿಸಿದನೆಂದೂ, ಬರೀ ಗಾಯಸ್ ಎಂದರೂ ಸಿಡಿಮಿಡಿಗೊಳ್ಳುತ್ತಿದ್ದನೆಂದೂ ಸೆನೆಕ ಬರೆಯುತ್ತಾನೆ. ಸೆನೆಕ, ಟ್ಯಾಸಿಟಸ್ ಮುಂತಾದವರ ಬರಹದಲ್ಲಿ ಅವನು 'ಗಾಯಸ್' ಅಥವಾ 'ಗಾಯಸ್ ಸೀಸರ್'. ಅನುವಾದ ಓದುವಾಗ ಇದು ತಲೆಯಲ್ಲಿರಲಿ. ಆಗಸ್ಟಸ್ ಕಾಲದ ಪ್ರಸಂಗವಾದರೆ ಗಾಯಸ್ ಸೀಸರ್ ಎಂದರೆ ಮೊಮ್ಮಗ, ಟೈಬೀರಿಯಸ್ ನಂತರದ ಪ್ರಸಂಗವಾದರೆ ಕಲಿಗುಲ. ಕಾನೂನಿನ ಪುಸ್ತಕವಾದರೆ ಇಬ್ಬರೂ ಅಲ್ಲ. 2ನೆಯ ಶತಮಾನದ ಕಾನೂನು ಪಂಡಿತನೊಬ್ಬ ನಮಗೆ ಗಾಯಸ್ ಎಂಬ ಒಂಟಿ ಹೆಸರಿನಿಂದಲೇ ಪರಿಚಿತ.

ಒಂದೇ ಹೆಸರಿನಿಂದ ಎಂಥ ತಪ್ಪು ಆಗಬಲ್ಲದು, ಅದನ್ನು ಬಿಡಿಸುವುದು 'ಹೇಗೆ' ಎಂಬುದಕ್ಕೆ ಪ್ರಾಚೀನ ಕಾಲದ ಅತ್ಯುತ್ತಮ ಪಾಠ ಇಲ್ಲೇ ಇದೆ. ಕಲಿಗುಲ ಎಲ್ಲಿ ಹುಟ್ಟಿದ? ರೋಮಿನ ಹತ್ತಿರದ ಟಿಬುರ್ ಎಂದು ಲೇಖಕ ಗೇಟುಲಿಕಸ್ ಬರೆದಿದ್ದ. ಜರ್ಮನಿಯ ಗಡಿಯ ಅಂಬಿಟಾರ್ವಿಯಮ್ ಹಳ್ಳಿ ಎಂದು ಪ್ಲಿನಿ ಬರೆದಿದ್ದ, ತಾಯಿ ಅಗ್ರಿಪ್ಪಿನಳ ಹೆರಿಗೆಗೆ ಹರಸಿ ಕಟ್ಟಿಸಿದ ಬಲಿಪೀಠಗಳು ಅಲ್ಲಿವೆ ಎಂಬುದು ಅವನ ಸಾಕ್ಷಿ. ಜೀವನಚರಿತ್ರೆಕಾರ ಸ್ವಿಟೋನಿಯಸ್ ಇಬ್ಬರನ್ನೂ ಒಪ್ಪಲಿಲ್ಲ. ಜರ್ಮಾನಿಕಸ್ ದಂಪತಿಗೆ ಒಂಬತ್ತು ಮಕ್ಕಳು. ಕಲಿಗುಲನಿಗಿಂತ ಸುಮಾರು ಒಂದು ವರ್ಷ ಮೊದಲು ಟಿಬುರ್‌ನಲ್ಲಿ ಹುಟ್ಟಿದ ಇನ್ನೊಂದು ಗಂಡುಮಗುವಿಗೂ ಗಾಯಸ್ ಸೀಸರ್ ಎಂದೇ ಹೆಸರಿಟ್ಟಿದ್ದರು, ಆ ಮಗು ಎಳವೆಯಲ್ಲೇ ತೀರಿಕೊಂಡಿತು. ಗೇಟುಲಿಕಸ್‌ನ ಮಾತಿಗೆ ನೆಲೆ ಸಿಕ್ಕಿದ್ದು ಆ ಅಣ್ಣನಿಂದ. ಬಲಿಪೀಠಗಳ ವಿಷಯಕ್ಕೆ ಬಂದರೆ, ಅಗ್ರಿಪ್ಪಿನ ಆ ಸೀಮೆಯಲ್ಲಿ ಹೆತ್ತದ್ದು ಹೆಣ್ಣುಮಕ್ಕಳನ್ನು. ಮೇಲಾಗಿ ಆಗಸ್ಟಸ್ ಸಾಯುವ ಕೆಲವು ತಿಂಗಳ ಮೊದಲು ಅಗ್ರಿಪ್ಪಿನಳಿಗೆ ಬರೆದ ಕಾಗದವೊಂದಿದೆ, ಹುಡುಗ ಗಾಯಸ್‌ನನ್ನು ಮೇ 18ರಂದು ನಿನ್ನ ಬಳಿಗೆ ಕರೆತರಲು ಏರ್ಪಾಟು ಮಾಡಿದ್ದೇನೆ ಎಂದು. ಆ ಹೊತ್ತಿಗೆ ಆ ಹೆಸರಿನ ಬೇರೆ ಮಗು ಬದುಕಿರಲಿಲ್ಲ. ಎರಡು ವರ್ಷದ ಮಗುವನ್ನು ರೋಮಿನಿಂದ ಗಡಿಗೆ ಕಳಿಸುತ್ತಿದ್ದಾರೆ ಎಂದಮೇಲೆ ಅದು ಗಡಿಯಲ್ಲಿ ಹುಟ್ಟಿದ್ದೆಂಬ ಮಾತು ಬಿದ್ದುಹೋಯಿತು. ಕೊನೆಗೆ ಸರ್ಕಾರಿ ದಿನವಹಿ ತೆರೆದು ನೋಡಿದರೆ ಅಲ್ಲಿ ಇದ್ದದ್ದು ಇಟಲಿಯ ಕರಾವಳಿಯ ಆಂಟಿಯಮ್.

ಅವನ ವಿಧಾನ ನೋಡಿ. ಆ ಹೆಸರಿನವರು ಆಗ ಎಷ್ಟು ಮಂದಿ ಇದ್ದರು, ಯಾರು ಬದುಕಿದ್ದರು, ದಿನಾಂಕ ಏನು, ಸರ್ಕಾರಿ ದಾಖಲೆ ಏನು ಹೇಳುತ್ತದೆ. ಕಲ್ಲಿನ ಮೇಲಿನ ಬರಹ ಸುಳ್ಳಲ್ಲದಿದ್ದರೂ ಬೇರೆಯವರದ್ದಾಗಿರಬಹುದು ಎಂಬ ಅನುಮಾನವನ್ನು ಅವನು ಬಿಡಲಿಲ್ಲ.

ಹೆಣ್ಣುಮಕ್ಕಳದು ಇನ್ನೂ ಕಷ್ಟ. ಅವರಿಗೆ ಸಾಮಾನ್ಯವಾಗಿ ಸ್ವಂತದ ಮೊದಲ ಹೆಸರೇ ಇಲ್ಲ, ಕುಲದ ಹೆಸರೇ ಹೆಸರು. ಸೀಸರ್‌ನ ಸೋದರತ್ತೆ ಜೂಲಿಯಾ, ಇಬ್ಬರು ಸೋದರಿಯರೂ ಜೂಲಿಯಾ, ಪಾಂಪೆಯನ್ನು ಮದುವೆಯಾಗಿ ಕ್ರಿ.ಪೂ. 54ರಲ್ಲಿ ಹೆರಿಗೆಯಲ್ಲಿ ಸತ್ತ ಮಗಳೂ ಜೂಲಿಯಾ. ಆಗಸ್ಟಸ್‌ನ ಮಗಳು ಜೂಲಿಯಾ, ಅವಳ ಮಗಳೂ ಜೂಲಿಯಾ. ಕೊನೆಯ ಇಬ್ಬರನ್ನೂ ವ್ಯಭಿಚಾರದ ಆರೋಪದ ಮೇಲೆ ದ್ವೀಪಕ್ಕೆ ಗಡೀಪಾರು ಮಾಡಿದರು, ತಾಯಿಯನ್ನು ಕ್ರಿ.ಪೂ. 2ರಲ್ಲಿ, ಮಗಳನ್ನು ಕ್ರಿ.ಶ. 8ರಲ್ಲಿ. ಹೆಸರೂ ಒಂದೇ, ಆರೋಪವೂ ಒಂದೇ, ಶಿಕ್ಷೆಯೂ ಒಂದೇ ಆದಾಗ ವರ್ಷ ಮತ್ತು ದ್ವೀಪದ ಹೆಸರೇ ಗತಿ. ತಾಯಿಗೆ ಪಂಡಟೇರಿಯ, ಮಗಳಿಗೆ ಟ್ರಿಮೆರಸ್.

ಹೆಸರು ಬಿರುದಾದ ಮೇಲೆ

ಕ್ರಿ.ಶ. 41ರಲ್ಲಿ ಪಟ್ಟಕ್ಕೆ ಬಂದ ಕ್ಲಾಡಿಯಸ್ ಜೂಲಿಯಸ್ ಕುಲಕ್ಕೆ ದತ್ತು ಹೋದವನಲ್ಲ. ಆದರೂ ಸೀಸರ್ ಎಂಬ ಹೆಸರು ಸೇರಿಸಿಕೊಂಡ. ಅಲ್ಲಿಗೆ ಅದು ಮನೆತನದ ಕೈಬಿಟ್ಟು ಹುದ್ದೆಯ ಕೈಗೆ ಹೋಯಿತು. ಕನ್ನಡ ಬೈಬಲ್ಲಿನ 'ಕೈಸರ' ಈ ಹಂತದ ಪದ, ಉಚ್ಚಾರದಲ್ಲಿ ಇಂಗ್ಲಿಷಿನ ಸೀಸರ್‌ಗಿಂತ ಲ್ಯಾಟಿನ್ನಿಗೆ ಹತ್ತಿರ. ಯೇಸು ಹುಟ್ಟಿದಾಗ ಖಾನೇಷುಮಾರಿಗೆ ಅಪ್ಪಣೆ ಮಾಡಿದ ಕೈಸರ ಆಗಸ್ಟಸ್. ಕೈಸರನದನ್ನು ಕೈಸರನಿಗೆ ಕೊಡಿ ಎಂಬ ಮಾತಿನ ಕಾಲದ ಕೈಸರ ಟೈಬೀರಿಯಸ್. ಪೌಲ ಮೇಲ್ಮನವಿ ಸಲ್ಲಿಸಿದ ಕೈಸರ ನೀರೋ. ಒಂದೇ ಪದ, ಮೂವರು ಮನುಷ್ಯರು.

ಅತ್ತ ಗಾಯಸ್ ಜೂಲಿಯಸ್ ಎಂಬ ಮೊದಲೆರಡು ತುಂಡುಗಳು ಬೇರೆಯೇ ದಾರಿ ಹಿಡಿದು ಸಾಮ್ರಾಜ್ಯದ ಮೂಲೆಮೂಲೆಗೆ ಹೋದವು. ಬಿಡುಗಡೆಯಾದ ಗುಲಾಮ ಅಥವಾ ಹೊಸದಾಗಿ ಪೌರತ್ವ ಪಡೆದ ಪರದೇಶಿ, ಕೊಟ್ಟವನ ಮೊದಲ ಹೆಸರು ಮತ್ತು ಕುಲದ ಹೆಸರನ್ನು ತೆಗೆದುಕೊಂಡು ತನ್ನ ಹಳೆಯ ಹೆಸರನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಆಗಸ್ಟಸ್‌ನ ಗುಲಾಮನಾಗಿದ್ದು ಪ್ಯಾಲಟೈನ್ ಗ್ರಂಥಾಲಯದ ಮೇಲ್ವಿಚಾರಕನಾದ ವಿದ್ವಾಂಸ ಗಾಯಸ್ ಜೂಲಿಯಸ್ ಹೈಜಿನಸ್. ಕ್ರಿ.ಪೂ. 12ರಲ್ಲಿ ಲುಗ್ಡುನಮ್‌ನ ಬಲಿಪೀಠದ ಮೊದಲ ಅರ್ಚಕನಾದ ಗಾಲ್ ನಾಡಿನವನು, ಅಂದರೆ ಇಂದಿನ ಫ್ರಾನ್ಸ್ ಕಡೆಯವನು, ಗಾಯಸ್ ಜೂಲಿಯಸ್ ವೆರ್ಕೊಂಡರಿದುಬ್ನಸ್. ರೋಮನ್ನರ ವಿರುದ್ಧ ರಾಣಿ ಬೌಡಿಕಾ ಎಬ್ಬಿಸಿದ ದಂಗೆಯ ನಂತರ ಬ್ರಿಟನ್ನಿನ ಹಣಕಾಸು ನೋಡಿಕೊಂಡವನು ಗಾಯಸ್ ಜೂಲಿಯಸ್ ಆಲ್ಪಿನಸ್ ಕ್ಲಾಸಿಸಿಯಾನಸ್, ಅವನ ಗೋರಿಕಲ್ಲಿನ ತುಂಡುಗಳು 1852ರಲ್ಲೂ 1935ರಲ್ಲೂ ಲಂಡನ್ನಿನಲ್ಲಿ ಸಿಕ್ಕವು. ಇವರಲ್ಲಿ ಯಾರೂ ಸೀಸರ್‌ಗೆ ರಕ್ತಸಂಬಂಧಿಗಳಲ್ಲ.

ಹೆಸರಿನಿಂದ ಪೌರತ್ವದ ಕಾಲವನ್ನೂ ಅಂದಾಜು ಮಾಡಬಹುದು. ಗಾಯಸ್ ಜೂಲಿಯಸ್ ಎಂದಿದ್ದರೆ ಕೊಟ್ಟವನು ಸರ್ವಾಧಿಕಾರಿ, ಆಗಸ್ಟಸ್ ಅಥವಾ ಕಲಿಗುಲ. ಟೈಬೀರಿಯಸ್ ಜೂಲಿಯಸ್ ಆದರೆ ಚಕ್ರವರ್ತಿ ಟೈಬೀರಿಯಸ್. ಟೈಬೀರಿಯಸ್ ಕ್ಲಾಡಿಯಸ್ ಆದರೆ ಕ್ಲಾಡಿಯಸ್ ಅಥವಾ ನೀರೋ. ಸಿಕ್ಕಿದ್ದು ಅಪ್ಪನಿಗೋ ಅಜ್ಜನಿಗೋ ಆಗಿರಬಹುದು, ಆದ್ದರಿಂದ ಹೆಸರು ಹೊತ್ತವನ ಕಾಲವೇ ಅದು ಎಂದು ಹಿಡಿಯಬಾರದು.

ಇದು ಕಲ್ಲಿನ ಮೇಲೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದನ್ನು ನೋಡಲು ಫ್ರಾನ್ಸಿನ ಸಾಂತ್ ಪಟ್ಟಣದ ಕಮಾನಿನ ಬಳಿ ನಿಲ್ಲಬೇಕು. ಕ್ರಿ.ಶ. 18 ಅಥವಾ 19ರಲ್ಲಿ ಶಾರಾಂತ್ ನದಿಯ ಸೇತುವೆಯ ಬಾಯಿಗೆ ಅದನ್ನು ಕಟ್ಟಿಸಿದವನು ಗಾಯಸ್ ಜೂಲಿಯಸ್ ರೂಫಸ್. ತಾನು ಯಾರ ಮಗ, ಯಾರ ಮೊಮ್ಮಗ, ಯಾರ ಮರಿಮಗ ಎಂದು ಅದರ ಮೇಲೆ ಕೆತ್ತಿಸಿದ್ದಾನೆ. ಮುತ್ತಜ್ಜ ಎಪೊಟ್ಸೊರೊವಿದಸ್, ಬರೀ ಗಾಲ್ ಹೆಸರು. ಅಜ್ಜನಿಗೂ ಅಪ್ಪನಿಗೂ ಮುಂದೆ ಗಾಯಸ್ ಜೂಲಿಯಸ್ ಇದೆ, ಹಿಂದೆ ಇನ್ನೂ ಗಾಲ್ ಹೆಸರಿನ ಬಾಲ. ಸವೆದ ಅಕ್ಷರಗಳಿಂದಾಗಿ ಆ ಎರಡು ಬಾಲಗಳನ್ನು ಹಳೆಯ ಪುಸ್ತಕಗಳೂ ಹೊಸ ಪುಸ್ತಕಗಳೂ ಬೇರೆ ಬೇರೆ ರೀತಿ ಓದುತ್ತವೆ. ನಾಲ್ಕನೆಯವನು ರೂಫಸ್, ಅಂದರೆ ಲ್ಯಾಟಿನ್ನಿನಲ್ಲಿ ಕೆಂಚ.